ಮಣಿಗಿಳಿಯ ಬೆನ್ನಿನ ಮಾಸಿದ ಜಾಗ

ಗದಗ, ಎರಡು ಸಾವಿರದ ಇನ್ನೂರ ಹದಿನೆಂಟನೆಯ ಇಸವಿ, ಫೆಬ್ರವರಿ ಮೂವತ್ತು

ಶ್ರೀಮತಿ ಕಸ್ತೂರಿಬಾಯಿ ಹೂಗಾರ ಅವರಿಗೆ ನಿಮ್ಮ ವಂಶದ ಅಳಿಯ ವಿರೂಪಾಕ್ಷ ಮುನವಳ್ಳಿ ಮಾಡುವ ಶರಣು ಶರಣಾರ್ಥಿ.

ರೆಸ್ಪೆಕ್ಟೆಡ್ ಮೇಡಂ, ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್... ಮುಂದಿನದು ಮರೆತಿದೆ. ನಿಮ್ಮ ಕಾಲದವರಿಗೆ ಕಾಗದ ಬರೆಯುವುದಾದರೆ ಹೀಗೆ ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಹಳೆಯ ಭಾಷೆಗಳಲ್ಲಿ ಒಂದನ್ನು ಓದಲೇಬೇಕೆಂಬ ನಿಯಮವಿತ್ತು. ಕೆಲವರು ಸಂಸ್ಕೃತ ತೆಗೆದುಕೊಂಡರು, ನಾನು ಇಂಗ್ಲಿಷ್ ತೆಗೆದುಕೊಂಡೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆಹಾಕಿ ರಜೆ ಕೊಡುತ್ತಾರೆ. ನಡುನಡುವೆ ನಿಮಗೆ ತಿಳಿಯದ ಮಾತು ಬಂದರೆ ಮನ್ನಿಸಿ. ಈ ಕಾಗದ ನಿಮ್ಮನ್ನು ಮುಟ್ಟುತ್ತದೆಂಬ ನಂಬಿಕೆಯೂ ನನಗಿಲ್ಲ. ಸ್ಟೇಷನ್ ರಸ್ತೆಯಲ್ಲಿ ಹಿಂದಂಚೆ ಎಂಬ ಕಚೇರಿ ತೆರೆದಿದ್ದಾರೆ, ಕಳೆದ ಕಾಲಕ್ಕೆ ಕಾಗದ ಕಳಿಸುತ್ತೇವೆ ಎನ್ನುತ್ತಾರೆ. ಕಿಂಡಿಯಲ್ಲಿ ಕುಳಿತವನು ಕಾಗದ ತೆಗೆದುಕೊಳ್ಳುವಾಗ ನನ್ನ ಮುಖ ನೋಡುವುದಿಲ್ಲ. ಆ ಕಿಂಡಿಯ ಹಿಂದೆ ಬರೀ ಒಂದು ರದ್ದಿ ಬುಟ್ಟಿ ಇದೆಯೆಂದು ನನ್ನ ಗುಮಾನಿ.

ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಕೇಳಬೇಕಾದವರು ನೀವೇ. ನೀವು ನನ್ನ ಹೆಂಡತಿ ನೀಲಾಂಬಿಕೆಯ ಮುತ್ತಜ್ಜಿಗೆ ಮುತ್ತಜ್ಜಿ. ನಿಮ್ಮ ಪಡಸಾಲೆಯ ಶೋಕೇಸು ತಾಯಿಂದ ಮಗಳಿಗೆ ದಾಟುತ್ತ ದಾಟುತ್ತ ನೀಲಾಳ ಜೊತೆ ನಮ್ಮ ಮನೆಗೆ ಬಂತು. ಗೋಕರ್ಣದ ಕಪ್ಪೆಚಿಪ್ಪು ಅಂಟಿಸಿದ ಕನ್ನಡಿ, ಒಂದು ಗೋಪುರ ಮುರಿದ ತಾಜಮಹಲು, ಖೋಖೋ ಆಟದಲ್ಲಿ ಎರಡನೆಯ ಸ್ಥಾನ ಬಂದವರಿಗೆ ಕೊಟ್ಟ ಕಪ್ಪು, ಕೊಕ್ಕೆಗಳಿರುವ ಒಂದು ಮರದ ಹಲಗೆ. ಆ ಹಲಗೆ ಬೀಗದ ಕೈ ತೂಗುಹಾಕಲು ಎಂದು ನೀಲಾ ಹೇಳುತ್ತಿದ್ದಳು. ನಮ್ಮ ಬಾಗಿಲುಗಳು ಆಳನ್ನು ಗುರುತು ಹಿಡಿದು ತೆರೆಯುತ್ತವೆ, ಆದ್ದರಿಂದ ನನಗೆ ಅದರಲ್ಲೂ ಡೌಟು. ಎರಡನೆಯ ಸ್ಥಾನದ ಕಪ್ಪನ್ನು ಯಾರಾದರೂ ಇಷ್ಟು ಕಾಲ ಏಕೆ ಇಟ್ಟುಕೊಳ್ಳುತ್ತಾರೆ ಎಂಬುದೂ ನನಗೆ ಬಗೆಹರಿದಿಲ್ಲ. ಇವೆಲ್ಲದರ ನಡುವೆ ನೀವು ಹಸಿರು ಮಣಿಗಳನ್ನು ನೈಲಾನ್ ದಾರದಲ್ಲಿ ಪೋಣಿಸಿ ಮಾಡಿದ ಗಿಳಿ ಕುಳಿತಿದೆ. ಕೆಂಪು ಕೊಕ್ಕು, ಸ್ವಲ್ಪ ಓರೆಯಾದ ಬಾಲ. ಬರೆಯುತ್ತಿರುವುದು ಅದರ ಬಗ್ಗೆ.

ನಮ್ಮ ಮನೆಗಳು ಹೇಗಿವೆಯೆಂದು ಹೇಳದಿದ್ದರೆ ನನ್ನ ಸಂಶಯ ನಿಮಗೆ ಅರ್ಥವಾಗಲಿಕ್ಕಿಲ್ಲ. ಈಗ ಯಾರೂ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಗೋಡೆಗಳಿಗೆ ನೋಟಗೋಡೆ ಎನ್ನುತ್ತಾರೆ. ಚಿತ್ರ, ಬಣ್ಣ, ಬೆಟ್ಟ, ಸಮುದ್ರ, ಏನು ಬೇಕಾದರೂ ಅದೇ ತೋರಿಸುತ್ತದೆ, ಮನೆಯವರ ಮುಖ ನೋಡಿ ಬದಲಾಯಿಸುತ್ತದೆ. ನೀಲಾ ತೀರಿಕೊಂಡ ವಾರ ನಮ್ಮ ಗೋಡೆ ತಾನಾಗಿ ತಿಳಿನೀಲಿಗೆ ತಿರುಗಿ, ನಿಮ್ಮ ದುಃಖಕ್ಕೆ ಈ ಬಣ್ಣ ಹೊಂದುತ್ತದೆ ಎಂದಿತು. ಮರುದಿನ ಅವಳ ಮುಖ ತೋರಿಸಿತು. ಯಾರ ಅಪ್ಪಣೆ ಕೇಳಿ ತೋರಿಸಿತು? ಅಂದಿನಿಂದ ಗೋಡೆಯನ್ನು ಆರಿಸಿಬಿಟ್ಟಿದ್ದೇನೆ. ಈಗ ಅದು ಬೂದಿ ಬಣ್ಣದ ಬರೀ ಗೋಡೆ, ನನಗೆ ಸಾಕು. ಮನೆಯಲ್ಲಿ ಧೂಳು ಎಂಬುದೂ ಇಲ್ಲ. ಮೂಲೆಯಲ್ಲಿರುವ ಧೂಳುಗುಳಿ ಎಂಬ ಯಂತ್ರ ಗಾಳಿಯಲ್ಲೇ ಅದನ್ನು ನುಂಗುತ್ತದೆ. ಹಾಗಾಗಿ ಇಟ್ಟ ಸಾಮಾನನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟದ ಸಾಮಾನು ಮಾಸುವುದಿಲ್ಲ. ಪಡಿಯಚ್ಚು ಅಂಗಡಿ ಓಣಿಗೊಂದಿದೆ. ಯಾವ ವಸ್ತುವನ್ನು ಕೊಟ್ಟರೂ ಊಟ ಮುಗಿಸಿ ಬರುವಷ್ಟರಲ್ಲಿ ಅಂಥದ್ದೇ ಇನ್ನೊಂದು ಮಾಡಿಕೊಡುತ್ತಾರೆ, ಓರೆಯಾದ ಬಾಲವನ್ನೂ ಬಿಡದೆ. ಆದರೆ ಅಗ್ಗದ ಪಡಿಯಚ್ಚಿನ ಬಣ್ಣ ನಿಲ್ಲುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಆದ್ದರಿಂದ ಬಂದ ಅತಿಥಿ ಮೊದಲು ಶೋಕೇಸಿನ ಹತ್ತಿರ ಬಗ್ಗಿ ನೋಡಿ, ಆಮೇಲೆ ಯೋಗಕ್ಷೇಮ ಕೇಳುತ್ತಾನೆ. ಬಣ್ಣ ಮಾಸಿದ್ದು ಕಂಡರೆ ಅವನ ಮುಖದಲ್ಲಿ ಒಂದು ನಗು ಹಾದುಹೋಗುತ್ತದೆ. ನಾನೂ ಎಷ್ಟೋ ಮನೆಗಳಲ್ಲಿ ಹಾಗೆ ನಕ್ಕಿದ್ದೇನೆ.

ನೀಲಾಳ ತಂಗಿ ದಾನಮ್ಮ ಕೊಪ್ಪಳದಲ್ಲಿರುತ್ತಾಳೆ. ತಿಂಗಳ ಕಾರ್ಯ ಮುಗಿದ ಮೇಲೆ ಅಕ್ಕನ ಸೀರೆಗಳನ್ನು ವಿಂಗಡಿಸಲು ಬಂದು, ನಾಲ್ಕು ದಿನವಿದ್ದು ಹೋದಳು. ಅವಳು ಹೋದ ಸಂಜೆ ನಾನು ಸುಮ್ಮನೆ ಶೋಕೇಸಿನ ಮುಂದೆ ಕುಳಿತಿದ್ದೆ. ನಿಜ ಹೇಳಬೇಕೆಂದರೆ, ನೀಲಾ ಇದ್ದಾಗ ನಾನು ಅದನ್ನು ಅಷ್ಟು ಹತ್ತಿರದಿಂದ ನೋಡಿದವನೇ ಅಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳ ಉಸ್ತುವಾರಿ ನನ್ನದಾಗಿತ್ತು, ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದೆ. ಗಿಳಿಯ ಬೆನ್ನಿನ ಮೇಲೆ, ಎಡರೆಕ್ಕೆಯ ಬುಡದಲ್ಲಿ, ಮಣಿಗಳ ಹಸಿರು ಹೋಗಿ ಬೆಳ್ಳಗಾಗಿತ್ತು. ನಮ್ಮ ಮದುವೆಯ ದಿನದ ಚಿತ್ರ ತೆಗೆದು ನೋಡಿದೆ. ಅದರಲ್ಲಿ ಗಿಳಿ ಹೊಚ್ಚ ಹೊಸದರಂತೆ ಮಿನುಗುತ್ತಿತ್ತು. ಎವಿಡೆನ್ಸ್ ಸಿಕ್ಕಿತು ಎಂದುಕೊಂಡೆ. ಬಂದವಳು ಒಬ್ಬಳೇ, ಹೋದವಳು ಒಬ್ಬಳೇ, ಒರಿಜಿನಲ್ ಹೋಗಿ ಪಡಿಯಚ್ಚು ಕುಳಿತಿದೆ. ನೀಲಾ ತವರಿನಿಂದ ತಂದ, ನೀಲಾ ನೋಡಿದ, ನೀಲಾಳದೆನ್ನುವ ವಸ್ತು ಈಗ ಕೊಪ್ಪಳದಲ್ಲಿದೆ ಎಂದು ಅನ್ನಿಸಿದ್ದೇ ನನಗೆ ಊಟ ಸೇರಲಿಲ್ಲ. ದಾನಮ್ಮನಿಗೆ ಹೇಳಿಕಳಿಸಿದೆ: ನಿನ್ನ ಮನೆಯಲ್ಲಿರುವ ಗಿಳಿ ತೆಗೆದುಕೊಂಡು ಬಾ.

ಅವಳು ಬಂದಳು. ಚಪ್ಪಲಿ ಬಿಡುವುದರೊಳಗೇ ಶುರುವಾಯಿತು.

"ಏನ್ ಮಾಮಾ, ಗಿಳಿ ಕದ್ದೀನಿ ಅಂತೀರೇನು? ಕದಿಯೂ ಹಂಗಿದ್ರ ನಿಮ್ಮ ಮನ್ಯಾಗ ಮತ್ತೇನೂ ಸಿಗಲಿಲ್ಲೇನು ನನಗ?"

"ಕದ್ದಿ ಅನ್ನಂಗಿಲ್ಲ ದಾನವ್ವ. ಬದಲಾಗೇತಿ ಅಂತೀನಿ, ಅಷ್ಟ."

"ಬದಲ ಹೆಂಗಾತು ಮತ್ತ? ಗಿಳೀನ ಹಾರಿಹೋಗಿ ತನ್ನ ತಮ್ಮನ್ನ ಕಳಿಸಿತೇನು?"

ಹೀಗೆನ್ನುತ್ತ ಚೀಲದಿಂದ ತನ್ನ ಗಿಳಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಥಳಥಳ ಹೊಳೆಯುತ್ತಿತ್ತು. ಮದುವೆಯ ಚಿತ್ರದಲ್ಲಿದ್ದದ್ದು ಅದೇ. ನಾನು ಅದರ ಕಡೆ ಬೆರಳು ತೋರಿಸಿದೆ. ಅವಳು ತಲೆಯಾಡಿಸಿದಳು.

"ಹೌದ್ರಿ, ಮೂಲದ್ದು ಇದ. ಕೇಳ್ರಿ ಈಗ. ಅವ್ವನ ಕಡೆ ಇದ್ದದ್ದು ಒಂದ ಗಿಳಿ, ನಾವು ಇಬ್ಬರು ಹೆಣ್ಮಕ್ಕಳು. ಅಕ್ಕ ದೊಡ್ಡಾಕಿ ಅಂತ ನಿಮ್ಮ ಮನಿಗೆ ಬಂತು. ನನ್ನ ಮದುವ್ಯಾಗ ಅಕ್ಕ ಇದನ್ನ ನನ್ನ ಉಡ್ಯಾಗ ಹಾಕಿದಳು. ತಾನು ಒಂದು ಪಡಿಯಚ್ಚು ಮಾಡಿಸಿ ನಿಮ್ಮ ಶೋಕೇಸಿನ್ಯಾಗ ಇಟ್ಟಳು. ನಿಮಗ ಗೊತ್ತಾಗಲಿಲ್ಲ."

"ನನಗ ಯಾಕ ಹೇಳಲಿಲ್ಲ ಆಕಿ?"

"ಹೇಳಿದ್ರ ನೀವು ಸುಮ್ಮನಿರತಿದ್ರೇನು? ಬಂದ ಮಂದಿಗೆಲ್ಲಾ ನಮ್ಮದು ಪಡಿಯಚ್ಚು, ನಮ್ಮದು ಪಡಿಯಚ್ಚು ಅಂತ ಹೇಳಿ ಆ ಬಡಪಾಯಿ ಗಿಳೀನ ಕುಂದ್ರಾಕ ಬಿಡತಿರಲಿಲ್ಲ. ಹಂಗಂತ ಅಕ್ಕನ ಅಂದಿದ್ದಳು."

ಈ ಮಾತು ನೀಲಾಳದೇ. ಬೇರೆ ಯಾರೂ ನನ್ನ ಬಗ್ಗೆ ಇಷ್ಟು ಸರಿಯಾಗಿ ಹೇಳಲಾರರು. ಆದರೂ ನಾನು ಬಿಡಲಿಲ್ಲ. ಹಾಗಾದರೆ ಈ ಬಣ್ಣ? ಧೂಳಿಲ್ಲದ ಮನೆಯಲ್ಲಿ, ಗಾಜಿನ ಹಿಂದೆ ಕುಳಿತ ಗಿಳಿಗೆ ಬೆನ್ನ ಮೇಲೆ ಒಂದೇ ಕಡೆ ಬಣ್ಣ ಹೋಗುವುದೆಂದರೆ ಏನು? ದಾನಮ್ಮ ಎದ್ದು ಹೋಗಿ ಶೋಕೇಸಿನ ಬಾಗಿಲು ತೆರೆದಳು, ನಮ್ಮ ಗಿಳಿಯನ್ನು ತಂದು ನನ್ನ ಮುಂದೆ ಹಿಡಿದಳು. ಅವಳ ದನಿ ತಗ್ಗಿತ್ತು.

"ಪ್ರತಿ ಶುಕ್ರವಾರ ಅಕ್ಕ ಇದನ್ನ ತಗದು ಒರಸತಿದ್ದಳು, ಅವ್ವ ಶೋಕೇಸಿನ ಗಾಜ ಒರಸತಿದ್ದಳು ಅಂತ. ಧೂಳ ಇಲ್ಲದ ಮನ್ಯಾಗ ಏನ ಒರಸ್ತಿ ಅಂತ ನಾ ನಗತಿದ್ದೆ. ಹಿಡೀರಿ ಒಂದಿಷ್ಟು."

ನಾನು ಎಲ್ಲರೂ ಹಿಡಿಯುವಂತೆ ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒರೆಸುವವನಂತೆ ಮಾಡಿದೆ. ಹಿಡಿದ ಕೈಯ ಹೆಬ್ಬೆರಳು ಮಾಸಿದ ಜಾಗದ ಮೇಲೆ ಬೀಳಲಿಲ್ಲ. ನೋಡು, ಸುಳ್ಳು, ಎಂದು ಬಾಯಿಗೆ ಬಂದಿತ್ತು.

"ಆ ಕೈ ಅಲ್ಲ ಮಾಮಾ. ಅಕ್ಕ ಎಡಚಿ ಅಲ್ಲೇನು? ಒರಸೂದು ಎಡಗೈಲೆ. ಬಲಗೈಯಾಗ ಹಿಡೀರಿ."

ಬಲಗೈಗೆ ಬದಲಾಯಿಸಿದೆ. ಹೆಬ್ಬೆರಳು ತಾನಾಗಿ ಹೋಗಿ ಆ ಬೆಳ್ಳಗಿನ ಜಾಗದಲ್ಲಿ ಕುಳಿತಿತು. ನನ್ನ ಬೆರಳು ದಪ್ಪ, ಸುತ್ತ ಹೊರಗೆ ಚಾಚಿತ್ತು. ಒಳಗಿನ ಗುರುತು ಸಣ್ಣ ಬೆರಳಿನದು. ಕಸ್ತೂರಿಬಾಯಿಯವರೇ, ಅಗ್ಗದ ಮಾಲಿನ ಗುರುತೆಂದು ನಾನು ಹಿಡಿದದ್ದು ನನ್ನ ಹೆಂಡತಿಯ ಹೆಬ್ಬೆರಳನ್ನು. ದಾನಮ್ಮ ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದಳು, ಕಪ್ಪುಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು.

ಹೊರಡುವಾಗ ಅವಳು ಒಂದು ಮಾತು ಹೇಳಿದಳು, ಅದು ನನ್ನನ್ನು ಮತ್ತೆ ಎಚ್ಚರಿಸಿತು. "ನಿಮಗ ಮೂಲದ್ದ ಬೇಕಂದ್ರ ಇದನ್ನ ಇಟ್ಕೋರಿ ಮಾಮಾ. ಅದನ್ನ ನನಗ ಕೊಡ್ರಿ." ಮೂಲದ್ದನ್ನು ಕೊಟ್ಟು ಪಡಿಯಚ್ಚು ಕೇಳುವವರು ಲೋಕದಲ್ಲಿ ಯಾರಿದ್ದಾರೆ? ಇದರಲ್ಲಿ ಏನೋ ಇದೆ ಎಂದು ಅವಳ ಕಣ್ಣು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗಿಳಿಯ ಬೆನ್ನನ್ನು ನೋಡುತ್ತಿದ್ದಳು. ಅವಳಿಗೂ ಇದ್ದದ್ದು ಒಬ್ಬಳೇ ಅಕ್ಕ. ಕೊಡುವುದಿಲ್ಲ ಎಂದೆ. "ಗೊತ್ತಿತ್ತು ಬಿಡ್ರಿ" ಎಂದು ನಕ್ಕಳು. ಬಾಗಿಲಲ್ಲಿ ನಿಂತು ಆ ಹೊಳೆಯುವ ಗಿಳಿಯನ್ನು ನನ್ನ ಮುಂದೆ ಹಿಡಿದು, ಇದಕ್ಕೂ ನಿಮ್ಮ ಬೆರಳಿನ ಗುರುತು ಬೀಳಲಿ, ಒಂದು ಸಲ ಬಲಗೈಯಲ್ಲಿ ಹಿಡೀರಿ ಎಂದಳು. ಹಿಡಿದು ಕೊಟ್ಟೆ. ಚೀಲಕ್ಕೆ ಹಾಕಿಕೊಂಡು ಹೋದಳು.

ಈಗ ನಿಮ್ಮಲ್ಲಿ ನನ್ನ ಅರಿಕೆ. ನೀವು ಇಂದು ಪಡಸಾಲೆಯಲ್ಲಿ ಯಾವುದನ್ನು ಎಲ್ಲಿಡಬೇಕೆಂದು ನೋಡುತ್ತ ನಿಂತಿರಬಹುದು. ಆ ಶೋಕೇಸಿನ ಬಾಗಿಲಿಗೆ ಬೀಗ ಹಾಕಬೇಡಿ. ಮಕ್ಕಳು ಮುಟ್ಟಲಿ, ಬಂದವರು ಎತ್ತಿ ನೋಡಲಿ, ಖೋಖೋ ಕಪ್ಪಿನಲ್ಲಿ ಯಾರಾದರೂ ನೀರು ಕುಡಿಯಲಿ. ಹೊಸದರಂತೆ ಉಳಿಸಿ ನಮಗೆ ಕಳಿಸಿದರೆ ನಾವು ಅದನ್ನು ಉಗುರಿನಿಂದ ಕೆರೆದು ನೋಡುತ್ತೇವೆಯೇ ಹೊರತು ನಿಮ್ಮನ್ನು ಗುರುತು ಹಿಡಿಯಲಾರೆವು. ದಾನಮ್ಮನ ಗಿಳಿಯನ್ನು ನಾನು ಚೆನ್ನಾಗಿ ನೋಡಿದೆ, ಅದರಲ್ಲಿ ನಿಮ್ಮ ಬೆರಳಿನ ಗುರುತು ಎಲ್ಲೂ ಇಲ್ಲ. ಇದರಿಂದ ಇನ್ನೊಂದು ಡೌಟು ಹುಟ್ಟಿದೆ. ಅದನ್ನು ನಿಜವಾಗಿ ನೀವೇ ಪೋಣಿಸಿದಿರೋ, ಇಲ್ಲ ಅಂಗಡಿಯಿಂದ ಕೊಂಡು ತಂದು ನಾನೇ ಮಾಡಿದ್ದು ಅಂದಿರೋ? ಉತ್ತರ ಬರೆಯಬೇಡಿ. ಬರೆದರೂ ನಾನು ನಂಬುವುದಿಲ್ಲ.

ನಾಳೆ ಶುಕ್ರವಾರ. ಕಳೆದ ವಾರ ನಾನೇ ಒರೆಸಿದೆ, ನಾಳೆಯೂ ಒರೆಸುತ್ತೇನೆ. ಆದರೆ ಬಲಗೈಯಲ್ಲಿ ಹಿಡಿಯುವುದಿಲ್ಲ. ನನ್ನ ದಪ್ಪ ಹೆಬ್ಬೆರಳು ಅವಳ ಜಾಗವನ್ನು ಅಳಿಸಿಬಿಟ್ಟೀತು. ಎಡಗೈಯಲ್ಲಿ, ಹೊಟ್ಟೆಯ ಕೆಳಗೆ ಹಿಡಿಯುತ್ತೇನೆ. ಅಲ್ಲಿ ಮಣಿಗಳು ಇನ್ನೂ ಹಸಿರಾಗಿವೆ.

ಇಂತಿ,
ದಿ ಅಂಡರ್‌ಸೈನ್ಡ್,
ವಿರೂಪಾಕ್ಷ