ಬಾಗಿಲ ಮೇಲಿನ ಸಂದು

ಭಾನುವಾರ, ಸಂಜೆ

ಅಮ್ಮಾ,

ಮುಖ್ಯ ಅರಣ್ಯಾಧಿಕಾರಿಯಾದ ನಿನಗೆ ಬರೆದ ಕಾಗದ ಬೇರೆ ಲಕೋಟೆಯಲ್ಲಿದೆ. ಅದರಲ್ಲಿ ‘ತಾವು’ ಎಂದು ಬರೆದು, ರೇಂಜರ್ ಎಂದು ಸಹಿ ಹಾಕಿದ್ದೇನೆ. ಇದು ಅಮ್ಮನಾದ ನಿನಗೆ. ಎರಡರಲ್ಲೂ ವಿಷಯ ಒಂದೇ: ಗುರುವಾರ ನೀನು ಕೆಡವುವ ಯಂತ್ರ ಕಳಿಸಿದರೂ ನಾನು ಈ ಅರಣ್ಯ ಠಾಣೆ ಬಿಟ್ಟು ಕದಲುವುದಿಲ್ಲ.

ಗೋಡೆ ಉಬ್ಬಿದೆ, ಬಾಗಿಲು ಮುಚ್ಚುವುದಿಲ್ಲ, ನೂರು ವರ್ಷದ ಮರದ ಕಟ್ಟಡದ ಆಯಸ್ಸು ಮುಗಿಯಿತು, ಕೆಡವಿ ಎಂದು ನಿನ್ನ ಆದೇಶ. ಒಂದು ಮೊಳೆಯೂ ಇಲ್ಲದೆ ಮೂಲೆಮೂಲೆಯಲ್ಲಿ ಕಚ್ಚಿ ನಿಂತ ದಿಮ್ಮಿಗಳು ಇವು. ಆಯಸ್ಸು ಮುಗಿದದ್ದಲ್ಲ ಅಮ್ಮಾ, ನೀನು ಮುಗಿಸಿದ್ದು.

ನಾನು ಹುಟ್ಟಿದ ವರ್ಷ, ಆಗ ಇಲ್ಲಿ ರೇಂಜರ್ ಆಗಿದ್ದ ಅಪ್ಪ, ಕೊಳೆತ ದಿಮ್ಮಿಗಳನ್ನು ತೆಗೆದು ಹೊಸವನ್ನು ಕೂರಿಸಿದ್ದರು. ಹಸಿ ಮರ ಒಣಗಿದಂತೆ ಕುಗ್ಗುತ್ತದೆ, ಮೇಲಿನ ಗೋಡೆ ನಿಧಾನವಾಗಿ ಇಳಿಯುತ್ತದೆ. ಇಳಿಯಲು ಜಾಗವಿರಲೆಂದೇ ಬಾಗಿಲ ಚೌಕಟ್ಟಿನ ಮೇಲೆ ಸಂದು ಬಿಟ್ಟು ಹಲಗೆ ಮುಚ್ಚಿದ್ದರು. ನೀನು ಬಾಣಂತಿ. ಮಗುವಿಗೆ ಥಂಡಿಗಾಳಿ ಬಡಿಯುತ್ತದೆ ಎಂದು ಗೊಣಗಿದೆ. ಗೋಡೆ ಇಳೀಬೇಕು ಕಣೇ, ಸ್ವಲ್ಪ ತಡ್ಕೋ ಎಂದರಂತೆ ಅಪ್ಪ. ಅವರು ಕಾಡಿಗೆ ಹೋದಾಗ ನೀನು ಹಲಗೆ ಕಿತ್ತು, ಸಂದಿಗೆ ಕಲ್ಲು ಮಣ್ಣು ಜಡಿದು, ಮತ್ತೆ ಮುಚ್ಚಿಬಿಟ್ಟೆ. ಇಳಿಯಲಾಗದ ಗೋಡೆ ಚೌಕಟ್ಟಿನ ತಲೆಯ ಮೇಲೆ ಕೂತು ಹೊರಗೆ ಉಬ್ಬಿತು. ಇದನ್ನೆಲ್ಲ ಯಾರು ಹೇಳಿದರು ಎಂದು ಕೇಳಬೇಡ.

ಮಗಳಿಗಾಗಿ ಮಾಡಿದ್ದು, ಅದಕ್ಕೆ ಸಿಟ್ಟಿಲ್ಲ. ಗೊತ್ತಿದ್ದೂ ಆದೇಶದಲ್ಲಿ ದಿಮ್ಮಿ ಕೂರಿಸಿದವರ ತಪ್ಪು ಎಂದು ಬರೆದೆಯಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಿನ್ನದು ಗಂಡನ ಮೇಲಿನ ಕೋಪ ಗೋಡೆಯ ಮೇಲೆ. ನೀನು ಅಪ್ಪನನ್ನು ಬಿಟ್ಟು ಹೋದದ್ದು ನಿಮ್ಮಿಬ್ಬರ ವಿಷಯ. ಠಾಣೆ ಏನು ಮಾಡಿತ್ತು?

ನಿನ್ನೆ ಗೋಡೆಗೆ ಜಾಕ್ ಕೊಟ್ಟು, ಸಂದಿನಲ್ಲಿದ್ದದ್ದನ್ನೆಲ್ಲ ಕೆದಕಿ ತೆಗೆದೆವು. ಜಾಕ್ ಇಳಿಸುತ್ತಾ ಬಂದಂತೆ ಗೋಡೆ ಒಮ್ಮೆ ನರಳಿ, ದಿಮ್ಮಿಯ ಮೇಲೆ ದಿಮ್ಮಿ ಸರಿಯಾಗಿ ಕೂತಿತು. ಉಬ್ಬು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬಾಗಿಲು ಒಂದೇ ಬೆರಳಿಗೆ ಮುಚ್ಚುತ್ತದೆ.

ವರ್ಗ ಮಾಡು, ಅಮಾನತು ಮಾಡು, ನಿನ್ನಿಷ್ಟ. ಹೆದರುವ ಮಗಳನ್ನು ನೀನು ಹೆತ್ತಿಲ್ಲ.

ಜಾಗ ಬಿಡದ,
ನಿನ್ನ ಮೊಂಡಿ

ಮತ್ತೊಂದು ಮಾತು: ಬರೆಯಬೇಡ ಎಂದಿದ್ದರು, ಬರೆಯುತ್ತಿದ್ದೇನೆ. ಅಪ್ಪ ಬಂದು ವಾರವಾಯಿತು. ಗುರುವಾರ ಹೊಸ್ತಿಲ ಮೇಲೆ ಮೊದಲು ಕೂರುವವರು ಅವರೇ. ಯಂತ್ರ ಕಳಿಸುವುದಾದರೆ ಅದರ ಜೊತೆ ನೀನೂ ಬಾ. ಏಳಿ ಎಂದು ಅವರಿಗೆ ನೀನೇ ಹೇಳು.