ಗುಡುಗುಮೋಡದ ಮೇಲಿನ ಕೆಂಪು

ಸಲೀನಾ, ಕ್ಯಾನ್ಸಸ್
11 ಸೆಪ್ಟೆಂಬರ್ 1994

ಪ್ರೀತಿಯ ಡೆಲ್ಮರ್,

ಇಷ್ಟು ವರ್ಷ ಒಂದು ಸಾಲೂ ಬರೆಯದವನು ಈಗೇಕೆ ಬರೆದ ಎಂದುಕೊಳ್ಳಬೇಡ. ಜೊತೆಗಿಟ್ಟ ಪತ್ರಿಕೆಯ ತುಣುಕನ್ನು ಮೊದಲು ನೋಡು. ಗುಡುಗುಮೋಡದ ಮೇಲೆ, ನಾವು ಹಾರುತ್ತಿದ್ದುದಕ್ಕಿಂತ ಎಷ್ಟೋ ಎತ್ತರದಲ್ಲಿ, ಕೆಂಪು ಮಿಂಚು! ವಿಜ್ಞಾನಿಗಳು ವಿಮಾನದಿಂದಲೇ ಚಿತ್ರ ಹಿಡಿದಿದ್ದಾರೆ. ಕ್ಯಾರೆಟ್ ಆಕಾರ ಅಂತ ಅವರೇ ಬರೆದಿದ್ದಾರೆ ಕಣಯ್ಯಾ.

1973ರ ಜೂನ್‌ನಲ್ಲಿ ನಾವಿಬ್ಬರೂ ಅಂಚೆ ವಿಮಾನ ಹಾರಿಸುತ್ತಿದ್ದಾಗ ನೀನು ನನ್ನ ತೋಳು ಹಿಡಿದು ಕೂಗಿದ್ದೆ: "ಕ್ಯಾಪ್ಟನ್, ಅಲ್ಲಿ ಮೇಲೆ ನೋಡಿ! ಬೇರು ಇಳಿಬಿಟ್ಟ ಕೆಂಪು ಕ್ಯಾರೆಟ್ಟು! ನೋಡಿದ್ರಾ?" ನಾನು, "ಮೀಟರ್ ನೋಡಪ್ಪ, ಆಕಾಶ ಆಮೇಲೆ ನೋಡುವಂತೆ," ಎಂದೆ. ಮೀಟರಿನಲ್ಲಿ ಕಾಣದ್ದನ್ನು ವರದಿಯಲ್ಲಿ ಬರೆಯಬಾರದು ಎಂಬುದು ನಮ್ಮವರ ಬಾಯಿಮಾತಿನ ಕಟ್ಟಳೆ. ಹೊಸಬನಾದ ನೀನು ಬರೆದುಬಿಟ್ಟೆ. ಕಂಪನಿಯ ಮುಖ್ಯಸ್ಥರು ನನ್ನನ್ನು ಕರೆಸಿ ಕೇಳಿದರು. ಏನೂ ಕಾಣಲಿಲ್ಲ ಎಂದೆ.

ಕಂಡಿತ್ತು, ಡೆಲ್ಮರ್. ಎರಡು ಸಲ ಕಂಡಿತ್ತು. ಹೌದೆಂದರೆ ನನ್ನನ್ನೂ ವಿಮಾನದಿಂದ ಕೆಳಗಿಳಿಸಿಬಿಟ್ಟಾರು ಎಂದು ಹೆದರಿದೆ.

ಕ್ಯಾಂಟೀನಿನಲ್ಲಿ ಎಲ್ಲರೂ, "ಏನಪ್ಪಾ, ಇವತ್ತೆಷ್ಟು ಕ್ಯಾರೆಟ್ ಕಿತ್ತೆ?" ಎಂದು ನಿನ್ನನ್ನು ಕಾಡಿಸುವಾಗ ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು! ಆಮೇಲೆ ನಿನ್ನನ್ನು ವೈದ್ಯರ ಬಳಿಗೆ ಕಳಿಸಿದರು. ಅವರಿಗೆ ನಿನ್ನ ಕಣ್ಣಲ್ಲಿ ದೋಷ ಸಿಗಲಿಲ್ಲ. ಆದರೂ ಇಲ್ಲದ್ದು ಕಾಣುತ್ತದೆ ಎಂದು ಬರೆದು ಹಾರಾಟ ನಿಲ್ಲಿಸಿದರು. ನೀನು ಗೋಧಿ ಗೋದಾಮಿನಲ್ಲಿ ತೂಕ ಹಾಕಲು ಸೇರಿದೆ. ನನ್ನ ಮಗಳು ಲೊರೀನಾಳ ಮದುವೆಗೆ ಮೂರು ಮೈಲಿ ನಡೆದು ಬಂದೆ. ಕಾರೇಕೆ ತರಲಿಲ್ಲ ಎಂದದ್ದಕ್ಕೆ, "ನನ್ನ ಕಣ್ಣನ್ನ ನಾನೇ ನಂಬಲ್ಲ ಕ್ಯಾಪ್ಟನ್. ಯಾರಿಗಾದ್ರೂ ಗುದ್ದಿಬಿಟ್ರೆ?" ಎಂದೆ. ನಾನು ನಿನ್ನ ತಟ್ಟೆಗೆ ಇನ್ನೊಂದು ತುಂಡು ಸೇಬಿನ ಪೈ ಹಾಕಿಸಿದೆ.

ನಿನ್ನ ಕಣ್ಣು ಸರಿಯಾಗಿತ್ತು. ಇಂದಿಗೂ ಸರಿಯಾಗಿದೆ. ನಾನೂ ನೋಡಿದ್ದೆ ಎಂದು ಕಂಪನಿಗೆ ಬರೆದು, ಸಹಿ ಹಾಕಿ ಕಳಿಸಿದ್ದೇನೆ, ಪ್ರತಿ ಇದರಲ್ಲಿದೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನೀನು ಕಾರಿನ ಕೀಲಿ ಕೈಗೆ ತೆಗೆದುಕೊಂಡರೆ ಸಾಕು.

ಒಂದು ಕಾಲದಲ್ಲಿ ನಿನ್ನ ಎಡಪಕ್ಕದಲ್ಲಿ ಕೂತಿದ್ದ,
ವರ್ಲಿನ್ ಹಾಸ್ಕ್ಯಾಂಪ್

ಮರೆತ ಮಾತು: ಮರೆತದ್ದೆಲ್ಲಿ ಬಂತು, ಬರೆಯಲು ಕೈ ಬಾರದೆ ಉಳಿಸಿಕೊಂಡದ್ದು. ನಿನ್ನನ್ನು ವೈದ್ಯರಿಗೆ ತೋರಿಸಿ ಎಂದು ಮುಖ್ಯಸ್ಥರಿಗೆ ಹೆಸರಿಲ್ಲದ ಚೀಟಿ ಹೋಗಿತ್ತಲ್ಲ, ಅದನ್ನು ಬರೆದವನು ನಾನು. "ಯಾರು ಬರೆದ್ರೋ ಪಾಪ, ನನ್ನ ಒಳ್ಳೇದಕ್ಕೇ ಬರೆದಿರ್ತಾರೆ," ಎಂದು ಆ ಮದುವೆಯ ದಿನ ನೀನು ನನಗೇ ಹೇಳಿದ್ದೆ.