ಬೀಗತಿಗೆ ಕೊಡುವ ಸೀರೆ

ಕೀರ್ತನಾ,

ಎದ್ದ ಕೂಡಲೇ ಇಸ್ತ್ರಿಪೆಟ್ಟಿಗೆ ಹಿಡಿಯಬೇಡ. ನೀನು ವಿದೇಶದ ಆ್ಯಪ್‌ನಲ್ಲಿ ತರಿಸಿದ ‘ರೇಷ್ಮೆ’ ಸೀರೆಗೆ ನಿನ್ನೆ ನಾನೇ ಇಸ್ತ್ರಿ ಮುಟ್ಟಿಸಿದೆ. ಅಂಚು ಕರಗಿ ಅಂಟಿಕೊಂಡಿತು. ನಾಳೆ ನಿನ್ನ ನಿಶ್ಚಿತಾರ್ಥದಲ್ಲಿ ಕಲ್ಯಾಣದುರ್ಗದ ಬೀಗತಿಗೆ ಮಗ್ಗದವರ ಮನೆಯಿಂದ ಇದನ್ನು ಕೊಡುವುದಾ?

ಸೀರೆಯನ್ನು ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಅಪ್ಪನ ಕಣ್ಣಿಗೆ ಬೀಳಬಾರದು. “ನಾನು ನೇಯ್ದಿದ್ದು ನಿಂಗೆ ಸಾಲ್ದೇ ಹೋಯ್ತೇನಮ್ಮ?” ಅಂತ ಕೇಳಿದರೆ ನಿನ್ನ ಹತ್ತಿರ ಉತ್ತರ ಇದೆಯಾ?

ನಾನು ಹಿಂದೂಪುರಕ್ಕೆ, ನಿನ್ನ ಸೋದರಮಾವ ಮುರಳಿಯ ಸೀರೆ ಅಂಗಡಿಗೆ ಹೋಗುತ್ತಿದ್ದೇನೆ. ಅವನ ಸೈಟಿನಲ್ಲಿ ಒಂದು ಸೀರೆ ಆರಿಸಿ ಆರ್ಡರ್ ಹಾಕಿ, ನನಗೆ ಫೋನ್ ಮಾಡು. ಮುಟ್ಟಿ ನೋಡಿ ಸಂಜೆಗೆ ತರುತ್ತೇನೆ. ಅದು ಬಣ್ಣ ಬಿಟ್ಟರೆ ಅವನ ಬಾಗಿಲಿಗೇ ಹೋಗಿ ಜಗಳ ಆಡಬಹುದು. ನಿನ್ನ ಆ್ಯಪ್‌ನವರ ಬಾಗಿಲು ಎಲ್ಲಿದೆ, ಹೇಳು?

ತಿಂಡಿಗೆ ಮಂಡಕ್ಕಿ ಉಗ್ಗಾಣಿ ಮುಚ್ಚಿಟ್ಟಿದ್ದೇನೆ. ಸಿಟ್ಟಿಗೆ ಹಸಿದುಕೊಂಡು ಕೂರಬೇಡ.

ಇನ್ನೊಂದು ಮಾತು. ಫೋಟೊ ನೋಡಿಯೇ ಆ ಸೀರೆ ತರಿಸಿದೆ ಅಂದೆಯಲ್ಲ, ಆ ಫೋಟೊ ದೊಡ್ಡದು ಮಾಡಿ ನೋಡು. ಅದರಲ್ಲಿರುವುದು ಅಪ್ಪ ನೇಯ್ದ ಸೀರೆ. ಮುರಳಿ ತನ್ನ ಸೈಟಿಗೆಂದು ನಮ್ಮ ಜಗಲಿಯಲ್ಲೇ ತೆಗೆದ ಫೋಟೊವನ್ನು ಆ್ಯಪ್‌ನವರು ಕದ್ದು ಹಾಕಿಕೊಂಡಿದ್ದಾರೆ. ಸೆರಗು ಹಿಡಿದಿರುವುದು ನನ್ನ ಕೈ. ನೀನು ಅಂಬೆಗಾಲಿಡುವಾಗ ಎಳೆದ ಬಿಸಿ ಗಂಜಿ ಪಾತ್ರೆ ನಿನ್ನ ಮೇಲೆ ಬೀಳದಂತೆ ತಡೆದಾಗ ಆದ ಸುಟ್ಟ ಕಲೆ ಅದರ ಮೇಲೆ ಕಾಣುತ್ತದೆ.

ಸೀರೆಯ ಗುರುತು ಸಿಗಲಿಲ್ಲ, ಹೋಗಲಿ. ಕೈಯ ಗುರುತೂ ಸಿಗಲಿಲ್ಲವೇನಮ್ಮ?

ಅಮ್ಮ